ಅಪ್ಪನ ಪಾಲಿಗೆ ಕೈಹಾಕಿದವನು

ಸುಯೇಕಾ
ಮೇ 13, ಸೋಮವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ವಿಗೋದ ಆ ಸಮುದ್ರದ ಥಂಡಿಗೆ ನಿನ್ನ ಮಂಡಿ ಹೇಗಿದೆ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಿ ಕಣೇ" ಎಂದು ಮಾತು ಮುಗಿಸಿಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬ್ರಾಯಿಸ್ ಅವರನ್ನೂ ಕೇಳಿದೆನೆಂದು ಹೇಳು. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಕಿವಿ ಮಂದವಾಗಿದೆ, ನಾಲಿಗೆ ಮಾತ್ರ ಎಂದಿನಂತೆ ಚುರುಕು.

ನನ್ನ ಮದುವೆ ಯಾಕೆ ನಿಂತಿದೆಯೆಂದು ನಿನಗೆ ಗೊತ್ತೇ ಇದೆ. ನೀನು ಬ್ರಾಯಿಸ್ ಜೊತೆ ಹೊರಟುಹೋದಾಗಿನಿಂದ ಅಪ್ಪನದು ಒಂದೇ ಹಟ: "ಅವಳು ಬರೋ ಮದ್ವೆಗೆ ನಾನು ಬರಲ್ಲ." ನಿಮ್ಮಿಬ್ಬರಲ್ಲಿ ಒಬ್ಬರನ್ನು ಬಿಟ್ಟು ಮದುವೆಯಾಗುವುದಕ್ಕಿಂತ ಮದುವೆಯೇ ಬೇಡವೆನ್ನಿಸಿತ್ತು ನನಗೆ. ಆದರೆ ನನ್ನ ಹುಡುಗ ಉನಾಯ್ ಬಿಡಬೇಕಲ್ಲ! "ಮೊದ್ಲು ನಿಮ್ಮಪ್ಪ ನನ್ನ ಮುಖನಾದ್ರೂ ನೋಡ್ಲಿ" ಎಂದು ನಿನ್ನೆ ಭಾನುವಾರದ ಊಟಕ್ಕೆ ಬಂದೇಬಿಟ್ಟ.

ಅಪ್ಪ ತೋಟದಲ್ಲಿ ಕಿತ್ತಳೆ ಕಟ್ಟಿಗೆಯ ಉರಿ ಹಾಕಿ, ಅಗಲ ಬಾಣಲೆಯಲ್ಲಿ ಮೊಲದ ಮಾಂಸದ ಅನ್ನ ಮಾಡಿದ್ದ. ಉಪ್ಪು ಹಾಕುವುದಕ್ಕೂ ಯಾರನ್ನೂ ಹತ್ತಿರ ಬಿಡಲಿಲ್ಲ, ನಿನಗೆ ಗೊತ್ತಲ್ಲ ಅವನ ಗತ್ತು. ಉನಾಯ್ ಕೈಕಟ್ಟಿ ನೋಡುತ್ತ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತ ಇದ್ದ. ಸದ್ಯ, ಗೆದ್ದೆವು ಅಂದುಕೊಂಡೆ. ಒಂದು ವಿಷಯ ಮಾತ್ರ ಅವನಿಗೆ ಹೇಳಲು ಮರೆತಿದ್ದೆ. ಎಲ್ಲರೂ ಒಂದೇ ಬಾಣಲೆಯಿಂದ ತಿನ್ನುವಾಗ ಅವರವರ ಚಮಚ ಅವರವರ ಮುಂದಿನ ಪಾಲಿನಲ್ಲೇ ಇರಬೇಕು ಎಂಬುದನ್ನು ನಾವು ನಡೆಯಲು ಕಲಿಯುವ ಮೊದಲೇ ಕಲಿತವರು. ಅದನ್ನು ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಬಿಲ್ಬಾವೊದಲ್ಲಿ ಉನಾಯ್ ಮನೆಯಲ್ಲೋ, ಮೇಜಿನ ಮೇಲಿದ್ದದ್ದೆಲ್ಲ ಎಲ್ಲರದೂ. ಮಾತಾಡುತ್ತಲೇ ಅವನು ಚಮಚವನ್ನು ನೇರ ಅಪ್ಪನ ಪಾಲಿಗೆ ಚಾಚಿ, ಅಪ್ಪ ಕೊನೆಗೆಂದು ಉಳಿಸಿಕೊಂಡಿದ್ದ, ತಳ ಹಿಡಿದ ಅನ್ನದ ಗರಿಗರಿ ಸೀಕನ್ನು ಕೆರೆದು ಬಾಯಿಗಿಟ್ಟ. "ಆಹಾ, ರುಚಿಯೆಲ್ಲ ಇಲ್ಲೇ ಇದೆ!"

ಅಪ್ಪನ ಕತ್ತು ಕೆಂಪೇರಿತು. "ಏನಪ್ಪಾ, ನಿಮ್ಮ ಕಡೆ ನಿಂದು ನಂದು ಅನ್ನೋದೇ ಇಲ್ವಾ?" ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಜ್ಜಿ ತಲೆ ಎತ್ತದೆ ಅಂದಳು, "ಬಿಡೋ ವಿಸೆಂತ್. ನಿನ್ನ ಹತ್ರ ಬಂದು ತಿಂದಿದ್ದಾನೆ. ನಿನ್ನ ಬಿಟ್ಟು ಓಡಿಹೋಗ್ಲಿಲ್ವಲ್ಲ!"

ಈ ಮನೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಪ್ಪ ಇದ್ದಕ್ಕಿದ್ದಂತೆ ನಗಲು ಶುರುಮಾಡಿದ. ಅನ್ನ ನೆತ್ತಿಗೇರಿತು. ತಾನು ಮಾಡಿದ್ದೇನೆಂದು ಅರ್ಥವಾಗದ ಉನಾಯ್ ಅವನ ಬೆನ್ನು ಗುದ್ದಿದ್ದೇ ಗುದ್ದಿದ್ದು! ಅಪ್ಪನ ಕಣ್ಣಲ್ಲಿ ನೀರು ಬಂತು. ಅದು ನಗುವೋ ಅಳುವೋ ಎಂದು ನಾನು ಕೇಳಲಿಲ್ಲ. ಉಳಿದ ಸೀಕನ್ನೂ ಅಪ್ಪ ಅವನತ್ತ ತಳ್ಳಿದ. "ತಿನ್ನು, ಇನ್ನೇನು ಉಳ್ಸಿದ್ದೀಯ!" ಸಂಜೆ ಇಬ್ಬರೂ ಕಾಲುವೆಯ ನೀರು ನೋಡಲು ಜೊತೆಯಾಗಿ ಹೋದರು. ಎಷ್ಟೋ ದಿನಕ್ಕೆ ನನಗೆ ಹೊಟ್ಟೆ ತುಂಬ ಸಂತೋಷವಾಗಿದೆ, ಅಮ್ಮಾ.

ಮಂಡಿಗೆ ಬೆಚ್ಚಗೆ ಏನಾದರೂ ಸುತ್ತಿಕೋ. ಅಜ್ಜಿ ನಿನಗೊಂದು ಮುತ್ತು ಕಳಿಸಿದ್ದಾಳೆ, ಅಪ್ಪನಿಗೆ ತಿಳಿಯದಂತೆ.

ನಿನ್ನ
ಎಂಪಾರ್

ಮ.ಬ.: ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ಬಂದು ಯಾರಿಗೆಂದು ಕೇಳಿದ. ಅಮ್ಮನಿಗೆ ಅಂದೆ. ಬಾಗಿಲವರೆಗೆ ಹೋದವನು ತಿರುಗಿ ಬಂದ. "ಮದ್ವೆಗೆ ಬರ್ಲಿ ಅಂತ ಬರಿ. ಆ ಮನುಷ್ಯನೂ ಬರ್ಲಿ, ಅಷ್ಟು ದೂರ ಅವಳೊಬ್ಬಳೇ ಯಾಕೆ ಬರ್ಬೇಕು? ಅವನನ್ನ ನನ್ನ ಪಕ್ಕ ಮಾತ್ರ ಕೂರಿಸ್ಬೇಡ." ಮದುವೆ ಸೆಪ್ಟೆಂಬರ್ 21, ಶನಿವಾರ. ಅಮ್ಮಾ, ಬಾ.