ಸೆಲ್ಲು ತೆಗೆದಿಡಿ, ಅಜ್ಜಿ

೨೧೪೭, ಫೆಬ್ರವರಿ ೩೦
ಧಾರವಾಡ

ನೀಲಾಂಬಿಕಾ ಅಜ್ಜಿಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ಮಾಡಿದ್ದಾರೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಮೇದಿನಿ, ನಿಮ್ಮ ಮರಿಮಗಳ ಮರಿಮಗಳು. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನೀವೂ ನನ್ನ ಹಾಗೆಯೇ ಎಳೆಗೂಸಿನ ತಾಯಿ. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ಒಬ್ಬರಿಂದ ಒಂದೇ ಪತ್ರ ಒಯ್ಯುತ್ತದೆ. ನನ್ನದು ಇದೇ.

ನಿಮ್ಮ ಸೊಂಟದ ಆ ಟೇಪ್ ಪ್ಲೇಯರ್ ನಿಮ್ಮ ನಂತರ ಬೆಂಕಿಪೆಟ್ಟಿಗೆಯಷ್ಟಾಯಿತು, ಆಮೇಲೆ ಫೋನಿನೊಳಗೆ ಸೇರಿತು. ಗೆಳತಿಯರು ಒಂದೇ ವೈರನ್ನು ಒಂದೊಂದು ಕಿವಿಗೆ ಹಂಚಿಕೊಳ್ಳುತ್ತಿದ್ದರಂತೆ; ವೈರು ಹೋದ ಮೇಲೆ ಅದೂ ಹೋಯಿತು. ಈಗಿರುವುದು ನಾದಕಾಳು. ಕಿವಿ ಚುಚ್ಚುವ ದಿನವೇ ಕಿವಿಯ ಹಿಂದಿನ ಎಲುಬಿಗೆ ಜೋಳದ ಕಾಳಿನಷ್ಟು ಚಿಕ್ಕ ಯಂತ್ರವೊಂದನ್ನು ಕೂಡಿಸುತ್ತಾರೆ. ಮನಸ್ಸು ಕದಡಿದರೆ ಸಾಕು, ಅದು ತಾನೇ ನುಡಿಯುತ್ತದೆ. ಅದರ ಹಾಡಿಗೆ ಮಾತಿಲ್ಲ, ಒಮ್ಮೆ ಕೇಳಿದ್ದು ಮತ್ತೆ ಬರುವುದಿಲ್ಲ. ಹಾಗಾಗಿ ನಮ್ಮಲ್ಲಿ ಯಾರ ಬಾಯಲ್ಲೂ ಒಂದು ಹಾಡಿಲ್ಲ.

ನಾಳೆ ನನ್ನ ಮಗಳು ಕುಮುದಾಳ ಕಿವಿ ಚುಚ್ಚುತ್ತಾರೆ.

ಪಕ್ಕದ ಮನೆಯ ಹುಡುಗಿ ಮೊನ್ನೆ ಮೆಟ್ಟಿಲಿಂದ ಬಿದ್ದು ಮೊಣಕಾಲು ಒಡೆದುಕೊಂಡಳು. ಅಳಲಿಲ್ಲ. ಕಾಳು ಕೂಡಲೇ ಅವಳನ್ನು ಸಮಾಧಾನ ಮಾಡಿಬಿಟ್ಟಿತ್ತು. ಒಳಗಿದ್ದ ತಾಯಿಗೆ ತಿಳಿದದ್ದು ಲಂಗದ ರಕ್ತ ನೋಡಿದ ಮೇಲೆ. ಅಂದಿನಿಂದ ನನ್ನ ಕಾಳು ಎಷ್ಟು ನುಡಿದರೂ ನನಗೆ ಕಣ್ಣು ಮುಚ್ಚಲಾಗುತ್ತಿಲ್ಲ. ಅತ್ತೆ, "ನಮಗೆಲ್ಲಾ ಹಾಕ್ಯಾರ, ನಮಗೇನಾಗೇತಿ? ಓದಿದಾಕಿ ನೀ, ಅದಕ್ಕ ಇಷ್ಟು ಅಂಜತಿ" ಎನ್ನುತ್ತಾರೆ. ಕೂಸು ಮಲಗುತ್ತಿಲ್ಲ ಎಂಬುದೇ ಎಲ್ಲರ ವಾದ. ಕೊನೆಗೆ ಗಂಡ ಒಂದು ಮಾತು ಕೊಟ್ಟರು: "ಇವತ್ತೊಂದಿನ ನಿನ್ನ ದನಿಗೆ ಮಲಗಿದ್ರ ಕಾಳು ಬ್ಯಾಡ." ನಾನು ಬಾಯಿ ತೆರೆದೆ. ಬಾಗಿಲು ಕಿರುಗುಟ್ಟಿದಂತೆ ಏನೋ ಹೊರಟಿತು. "ಬ್ಯಾಡವ್ವಾ, ಇದ್ದ ನಿದ್ದಿನೂ ಹಾರೀತು" ಎಂದು ಅತ್ತೆ ನಕ್ಕರು. ನನಗೂ ನಗು ಬಂತು, ಆಮೇಲೆ ಅಳು.

ಆಗ ನಿಮ್ಮ ಟೇಪ್ ಪ್ಲೇಯರ್ ನೆನಪಾಯಿತು. ಟ್ರಂಕಿನಲ್ಲಿ ಸೀರೆಯ ಚೂರಿನಲ್ಲಿ ಸುತ್ತಿಟ್ಟಿದ್ದೀರಿ. ಒಳಗಿನ ಕ್ಯಾಸೆಟ್ ಮೇಲೆ ನಿಮ್ಮ ಅಕ್ಷರ: "ಕೂಸಿಗೆ, ನಾನು ಹಾಡಿದ್ದು." ಎಷ್ಟು ಜೋಪಾನ ಮಾಡಿದ್ದೀರಿ! ಆದರೆ ಸೆಲ್ಲು ಒಳಗೇ ಬಿಟ್ಟಿದ್ದೀರಿ, ಅಜ್ಜಿ. ಅವು ಸೋರಿ, ಹಸಿರುಗಟ್ಟಿ, ತಗಡಿನ ಪಟ್ಟಿಗಳನ್ನು ತಿಂದು ಟೇಪಿನವರೆಗೂ ಹರಿದಿವೆ. ಎಳೆದರೆ ಪುಡಿಯಾಗುತ್ತದೆ.

ಸುತ್ತಿಡುವ ಮೊದಲು ಸೆಲ್ಲು ತೆಗೆದುಬಿಡಿ. ಇಷ್ಟೇ ನಾನು ಕೇಳುವುದು. ನನಗೆ ನಿಮ್ಮ ಹಾಡು ಒಂದು ಸಲ ಕೇಳಿದರೆ ಸಾಕು, ಕಲಿತುಬಿಡುತ್ತೇನೆ. ಅಪಸ್ವರವಾದರೂ ಅದು ಮನುಷ್ಯರ ದನಿ. ಈ ಪತ್ರ ಹಾಕಿ ಬಂದವಳೇ ಮತ್ತೆ ಮುಚ್ಚಳ ತೆಗೆಯುತ್ತೇನೆ. ಒಳಗೆ ಹಸಿರು ಕಾಣದಿದ್ದರೆ ನೀವು ಓದಿದಿರಿ ಎಂದು ತಿಳಿಯುತ್ತೇನೆ.

ನಿಮ್ಮ ಕೂಸು ಈಗ ಮಲಗಿರಬೇಕು. ನನ್ನದು ಎದ್ದಿತು.

ಮೇದಿನಿ