ಮೂರನೇ ಕಂಬದ ಅಕ್ಕನ ಹೆಸರು

ಸಮಾಧಾನ ಸಭೆ, ಹುಬ್ಬಳ್ಳಿ
ಫೆಬ್ರವರಿ ೩೦, ೨೧೫೮

ಕರ್ತನಲ್ಲಿ ಪ್ರಿಯರಾದ ಹಿರಿಯರೇ,

ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮೇ ತಿಂಗಳ ಬಿಸಿಲು ತಡೆಯಲಾಗದೆ ಸರ್ಕಾರದವರು ಅದರಿಂದ ಎರಡು ದಿನ ಕಿತ್ತು ಇಲ್ಲಿಗೆ ತಂದು ಜೋಡಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಕ್ಯಾಲೆಂಡರ್ ಮಾತ್ರ ಹೊಸದಾಯಿತು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಕೆಲವು ಪದಗಳು ಬಂದಾವು, ಮನ್ನಿಸಿ. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನೀವು ನನಗಿಂತ ನೂರ ಮೂವತ್ತು ವರ್ಷ ಮೊದಲಿನವರು. ಆದರೆ ನೀವು ಸಭೆ ಸೇರುವ, ನಾನು ಮುಂದೆ ಹೇಳಲಿರುವ ಆ ಭಾನುವಾರ ನಿಮ್ಮಲ್ಲಿ ಹಲವರಿಗೆ ನನ್ನ ಮಗಳ ವಯಸ್ಸು. ಕಾಲಿಗೆ ಬೀಳಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೇನೆ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ನಮ್ಮ ಸಭೆಯಲ್ಲಿ ಬಾಗಿಲವ್ವನ ಕೆಲಸದಿಂದ ಇಳಿಯುವವರು ಹಿಂದಿನವರಿಗೆ ಒಂದು ಓಲೆ ಬರೆದು, ಆರಾಧನೆಯಲ್ಲಿ ಓದಿ, ಪ್ರಭುಭೋಜನದ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಬೇಕು. ಅದು ನಿಮ್ಮನ್ನು ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತು, ಅಷ್ಟು ದಡ್ಡಿಯಲ್ಲ. ಪಾಪನಿವೇದನೆಯನ್ನು ಎದುರಿಗಿದ್ದವರ ಮುಖ ನೋಡಿ ಮಾಡುವುದು ಕಷ್ಟ, ಅದಕ್ಕೆ ಯಾರೋ ಕಂಡುಹಿಡಿದ ದಾರಿ ಇದು. ಬಾಗಿಲವ್ವ ಎಂದರೆ ಬಾಗಿಲಲ್ಲಿ ಕೂತು ಬಂದವರನ್ನು ಒಳಗೆ ಕರೆಯುವವಳು. ಹದಿನಾಲ್ಕು ವರ್ಷ ಕೂತೆ. ಸೊಂಟ ಬಿದ್ದುಹೋಗಿದೆ. ಆದರೆ ಇಳಿಯುತ್ತಿರುವುದು ಸೊಂಟದ ಸಲುವಾಗಿ ಅಲ್ಲ.

ನಮ್ಮ ದಿನ ಹೇಗಿರುತ್ತದೆ ಎಂದು ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯದು. ಬೆಳಿಗ್ಗೆ ಹತ್ತಕ್ಕೆ ಊರಲ್ಲಿ ಸೈರನ್ ಕೂಗುತ್ತದೆ. ಅಲ್ಲಿಂದ ಸಂಜೆ ಐದರವರೆಗೆ ಉರಿಗಟ್ಟು, ಅಂದರೆ ಯಾರೂ ಬೀದಿಯಲ್ಲಿ ಇರಕೂಡದು. ಇದ್ದರೆ ಬದುಕುವುದೂ ಇಲ್ಲ. ಮನೆಯಿಲ್ಲದವರು, ತಗಡಿನ ಮನೆಯವರು, ದಾರಿಯಲ್ಲಿ ಸಿಕ್ಕಿಕೊಂಡವರು ಹತ್ತಿರದ ನೆರಳುಮನೆಗೆ ಓಡುತ್ತಾರೆ. ದಪ್ಪ ಗೋಡೆಯಿದ್ದು ಬಾಗಿಲು ತೆರೆದಿಟ್ಟ ಯಾವುದೇ ಕಟ್ಟಡ ನೆರಳುಮನೆ. ನಿಮ್ಮ ಕಲ್ಲಿನ ದೇವಾಲಯ ಈಗ ಊರಿನ ದೊಡ್ಡ ನೆರಳುಮನೆ. ಬೆಂಚುಗಳ ಬೆನ್ನು ಕೊಯ್ದು ಮಂಚ ಮಾಡಿದ್ದೇವೆ. ದೀಕ್ಷಾಸ್ನಾನದ ತೊಟ್ಟಿಯಲ್ಲಿ ಕುಡಿಯುವ ನೀರು ತುಂಬಿಡುತ್ತೇವೆ. ಯಾರಿಗಾದರೂ ದೀಕ್ಷಾಸ್ನಾನವಿದ್ದರೆ ಒಂದು ತಂಬಿಗೆಯಲ್ಲೇ ಮುಗಿಸುತ್ತಾರೆ ನಮ್ಮ ಪಾಸ್ಟರಮ್ಮ. ಮಧ್ಯಾಹ್ನ ಪೀಠದ ಪಕ್ಕದ ವೆಸ್ಟ್ರಿ ಕೋಣೆಯಲ್ಲಿ ಒಬ್ಬರು ನಮಾಜು ಮಾಡುತ್ತಾರೆ, ಆರ್ಗನ್ನಿನ ಹಿಂದೆ ಒಬ್ಬರು ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಾರೆ, ನಡುವೆ ನಮ್ಮ ಹೆಂಗಸರು ಬಳ್ಳೊಳ್ಳಿ ಸುಲಿಯುತ್ತ ಕೀರ್ತನೆ ಹಾಡುತ್ತಾರೆ. ಜಗಳವೂ ಆಗುತ್ತದೆ, ದೇವರ ಸಲುವಾಗಿ ಅಲ್ಲ, ಕಿಟಕಿಯ ಹತ್ತಿರದ ಮಂಚದ ಸಲುವಾಗಿ. ನೀವು ಶುರು ಮಾಡಿದ ಹಿಡಿ ಜೋಳ ಇನ್ನೂ ನಡೆದಿದೆ. ಪ್ರತಿ ಮನೆಯವರು ಅಡಿಗೆಗೆ ಮುಂಚೆ ಒಂದು ಹಿಡಿ ತೆಗೆದಿಟ್ಟು ಭಾನುವಾರ ತರುತ್ತಾರೆ, ಅದರಿಂದಲೇ ದಿನಕ್ಕೆ ಇನ್ನೂರು ಜನರ ರೊಟ್ಟಿ. ಜೋಳ ನೋಡಿದರೆ ನನಗೆ ಈಗ ವಾಕರಿಕೆ. ದೇವರು ಕ್ಷಮಿಸಲಿ.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಲದ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನೀವು ಹನ್ನೊಂದು ಮಂದಿ ಕೂತು ಒಂದು ಠರಾವು ಬರೆಯುತ್ತೀರಿ. ಯಾಕೆ ಬರೆದಿರಿ ಎಂಬುದು ನಡಾವಳಿ ಪುಸ್ತಕದಲ್ಲೇ ಇದೆ. ಹಿಡಿ ಜೋಳದ ಮೊದಲ ಊಟದ ದಿನ, ನಿಮ್ಮಲ್ಲಿ ಯಾರೋ ಪ್ರೀತಿಯಿಂದಲೇ ಒಬ್ಬನ ಹೆಸರು ಕೇಳಿದಿರಿ. ಅವನು ಹೇಳಿದ. ಹೆಸರು ಕೇಳಿದ ಕೂಡಲೇ ಪಕ್ಕದಲ್ಲಿ ಕೂತಿದ್ದವನು ತಟ್ಟೆ ಎತ್ತಿಕೊಂಡು ಆಚೆ ಸರಿದ. ಹೆಸರು ಹೇಳಿದವನು ಊಟ ಬಿಟ್ಟು ಎದ್ದುಹೋದ, ಮತ್ತೆ ಬರಲಿಲ್ಲ. ನಮ್ಮ ನಾಡಿನಲ್ಲಿ ಹೆಸರು ಕೇಳುವುದೆಂದರೆ ಜಾತಿ ಕೇಳುವುದೇ ಎಂದು ನಿಮಗೆ ಅಂದು ತಿಳಿಯಿತು. ಹಾಗಾಗಿ ಬರೆಯುತ್ತೀರಿ: ಊಟಕ್ಕೆ ಬಂದವರ ಹೆಸರು, ಊರು, ಮತ ಯಾರೂ ಕೇಳಕೂಡದು, ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಹೇಳಕೂಡದು. ಇನ್ನೇನೂ ಸೇರಿಸಕೂಡದೆಂದು ಕೆಳಗೆ ಒತ್ತಿ ಎರಡು ಗೆರೆ ಎಳೆದು ಹನ್ನೊಂದು ಸಹಿ ಹಾಕುತ್ತೀರಿ.

ಒಳ್ಳೆಯ ನಿಯಮ. ನಾನೇ ಕಂಡಿದ್ದೇನೆ. ಗಂಡನ ಹೊಡೆತಕ್ಕೆ ಓಡಿಬಂದವಳನ್ನು ಹುಡುಕುತ್ತ ಅವನು ಬಾಗಿಲಿಗೆ ಬಂದಾಗ, ಜಾತಿ ಮೀರಿ ಮದುವೆಯಾದ ಜೋಡಿಯನ್ನು ಹುಡುಕುತ್ತ ಅಣ್ಣತಮ್ಮಂದಿರು ಬಡಿಗೆ ಹಿಡಿದು ಬಂದಾಗ, ಈ ನಿಯಮವನ್ನೇ ಎದುರಿಗೆ ಹಿಡಿದು ನಿಂತಿದ್ದೇನೆ. ಹೆಸರು ಗೊತ್ತಿಲ್ಲವೆಂದು ಹೇಳುವಾಗ ನನ್ನ ನಾಲಿಗೆ ತಡವರಿಸುತ್ತಿರಲಿಲ್ಲ, ಯಾಕೆಂದರೆ ನಿಜವಾಗಿಯೂ ಗೊತ್ತಿರುತ್ತಿರಲಿಲ್ಲ. ಬರಬರುತ್ತ ಅದೇ ನಮ್ಮ ಹೆಮ್ಮೆಯಾಯಿತು. ಬೇರೆ ಸಭೆಗಳವರು ನೋಡಲು ಬಂದರೆ ಮೊದಲು ಅದನ್ನೇ ಹೇಳುತ್ತಿದ್ದೆವು. ಹೆಸರಿಲ್ಲದವರನ್ನು ಕೂತ ಜಾಗದಿಂದ ಗುರುತಿಸುತ್ತಿದ್ದೆವು: ಕಿಟಕಿಯ ಅಣ್ಣ, ಮೆಟ್ಟಿಲ ಅಜ್ಜ, ಮೂರನೇ ಕಂಬದ ಅಕ್ಕ.

ಮೂರನೇ ಕಂಬದ ಅಕ್ಕ ಬಂದದ್ದು ಬೆಣ್ಣಿಹಳ್ಳಕ್ಕೆ ಮಹಾಪೂರ ಬಂದ ವರ್ಷ. ಊರೂರೇ ತೇಲಿಹೋಗಿ, ಉಳಿದವರನ್ನು ಯಾವ ಗಾಡಿ ಮೊದಲು ಸಿಕ್ಕಿತೋ ಅದರಲ್ಲಿ ತುಂಬಿ ಎತ್ತಲೆತ್ತಲೋ ಇಳಿಸಿದರು. ಜನರ ದಾಖಲೆಯಿದ್ದ ಕಚೇರಿಯೂ ಮುಳುಗಿತ್ತು. ಅಕ್ಕ ಮೊದಲ ದಿನ ಉಂಡಳು, ಎರಡನೆಯ ದಿನ ಎದ್ದು ಹಿಟ್ಟು ನಾದಲು ಕೂತಳು, ಹನ್ನೊಂದು ವರ್ಷ ಹಾಗೆಯೇ ಕೂತಳು. ನಾನು ಜೀವಮಾನದಲ್ಲಿ ಅಷ್ಟು ತೆಳ್ಳಗಿನ ರೊಟ್ಟಿ ಕಂಡಿಲ್ಲ. ನನ್ನ ರೊಟ್ಟಿ ನೋಡಿ, ಇದನ್ನು ಗೋಡೆಗೆ ಇಟ್ಟಿಗೆಯಾಗಿ ಇಡಬಹುದು ಎಂದು ನಗುತ್ತಿದ್ದಳು. ಕೀರ್ತನೆಯ ಮಾತು ಬರದಿದ್ದರೂ ಧಾಟಿ ಹಿಡಿದು ಗುನುಗುತ್ತಿದ್ದಳು. ಪ್ರಭುಭೋಜನದ ಬಟ್ಟಲು ತೊಳೆಯುವುದು ಅವಳದೇ ಕೆಲಸ. ನನಗೆ ಜ್ವರ ಬಂದಾಗ ಮೂರು ದಿನ ತಲೆಯ ಹತ್ತಿರ ಕೂತಿದ್ದಳು. ಸ್ವಂತ ಅಕ್ಕನಿದ್ದರೂ ಅಷ್ಟು ಮಾಡುತ್ತಿರಲಿಲ್ಲ.

ಅವಳದೊಂದು ಪದ್ಧತಿಯಿತ್ತು. ತನ್ನ ಪಾಲಿನ ಎರಡು ರೊಟ್ಟಿಯಲ್ಲಿ ಒಂದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಂಬದ ಬುಡದಲ್ಲಿ ಇಡುತ್ತಿದ್ದಳು. ಸಂಜೆ ಐದರ ಸೈರನ್ ಕೂಗಿದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಬಟ್ಟೆ ಬಿಚ್ಚಿ, ಆ ರೊಟ್ಟಿ ತಾನೇ ತಿನ್ನುತ್ತಿದ್ದಳು. ದಿನಾ. ನಾನು ದಿನಾ ನೋಡಿದೆ. ಯಾರಿಗೆ ಎತ್ತಿಡುತ್ತೀ ಅಕ್ಕಾ ಎಂದು ಕೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಒಂದು ಕೇಳಿದರೆ ಊರು ಬರುತ್ತದೆ, ಊರು ಬಂದರೆ ಹೆಸರು ಬರುತ್ತದೆ ಎಂದು ನುಂಗಿಕೊಂಡೆ. ಅವಳೂ ಹೇಳಲಿಲ್ಲ. ಇಲ್ಲಿ ಇಂಥದನ್ನು ಮಾತಾಡಬಾರದು ಎಂದು ನಾವೇ ಮೊದಲ ದಿನ ಕಲಿಸಿಕೊಟ್ಟಿದ್ದೆವಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ, ಸೈರನ್‌ಗೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ನಲವತ್ತರ ಆಸುಪಾಸು, ಕಾಲಿಗೆ ಗೋಣಿಚೀಲ ಸುತ್ತಿಕೊಂಡಿದ್ದಳು. "ನೀಲಗಂಗವ್ವ ಅಂತ ಒಬ್ರು ಇಲ್ಲಿ ಅದಾರೇನ್ರಿ? ನಮ್ಮವ್ವರೀ" ಎಂದು ಕೇಳಿದಳು. ಹನ್ನೊಂದು ವರ್ಷದಿಂದ ನೆರಳುಮನೆಯಿಂದ ನೆರಳುಮನೆಗೆ ಕೇಳುತ್ತ ಬರುತ್ತಿದ್ದಾಳಂತೆ. ತೋರಿಸಲು ಅವ್ವನ ಪಟ ಒಂದೂ ಉಳಿದಿಲ್ಲವಂತೆ.

ನಾನು ಏನು ಹೇಳಿದೆ ಗೊತ್ತೇ? "ಇಲ್ಲಿ ನಾವು ಯಾರ ಹೆಸರೂ ಕೇಳಂಗಿಲ್ಲವ್ವಾ."

ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬಿತ್ತು. ಅದನ್ನು ಬಚ್ಚಿಟ್ಟರೆ ಈ ಓಲೆ ಬರೆದು ಉಪಯೋಗವಿಲ್ಲ. ಒಳಗೆ ಬಂದು ಒಮ್ಮೆ ಮುಖ ನೋಡಿ ಹೋಗುತ್ತೇನೆ ಎಂದಳು. ಹುಡುಕುವವರನ್ನು ಒಳಗೆ ಬಿಡುವುದಿಲ್ಲ ಎಂದೆ, ಯಾಕೆ ಬಿಡುವುದಿಲ್ಲವೆಂದು ವಿವರವಾಗಿ ತಿಳಿಸಿಯೂ ಹೇಳಿದೆ. ಅವಳು ವಾದ ಮಾಡಲಿಲ್ಲ, ಹಲವು ಬಾಗಿಲು ಕಂಡವಳು. ಹೊರಗಿನ ಕಟ್ಟೆಯ ಮೇಲೆ ಕೂರಿಸಿ ನೀರು, ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ರೊಟ್ಟಿ ಮುರಿದು, ನಮ್ಮವ್ವನೂ ಹೀಗೆಯೇ ತೆಳ್ಳಗೆ ಬಡಿಯುತ್ತಿದ್ದಳು ಎಂದಳು. ಹಸಿದವರೆಲ್ಲ ಹಾಗೆ ಹೇಳುತ್ತಾರೆ, ನಾನು ನಕ್ಕು ಇನ್ನೊಂದು ಕೊಟ್ಟೆ. ಅವಳು ಎದ್ದು ರೈಲು ಹಳಿಯ ಆಚೆಯ ನೆರಳುಮನೆಯ ಕಡೆ ಹೊರಟಳು. ಅಷ್ಟು ಹೊತ್ತೂ ಅಕ್ಕ ಹಿಂದಿನ ಅಂಗಳದಲ್ಲಿ ರೊಟ್ಟಿಯ ಹಂಚು ತಿಕ್ಕುತ್ತಿದ್ದಳು. ನನ್ನಿಂದ ಅವಳಿಗೆ ಮೂವತ್ತು ಹೆಜ್ಜೆ. ಆಮೇಲೆ ಅಳೆದು ನೋಡಿದ್ದೇನೆ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅಕ್ಕ ಕಂಬಕ್ಕೆ ಒರಗಿದವಳು ಏಳಲಿಲ್ಲ. ಮೈ ತೊಳೆಯುವಾಗ ಸೊಂಟದಲ್ಲಿ ಒಂದು ಚಿಕ್ಕ ಚೀಲ ಸಿಕ್ಕಿತು, ಅದರೊಳಗೆ ಪೂರದ ವರ್ಷ ಗಾಡಿಯಲ್ಲಿ ಕೊಟ್ಟ ಚೀಟಿ. ನೀಲಗಂಗವ್ವ, ವಯಸ್ಸು ಐವತ್ತೆಂಟು. ಜೊತೆಗಿದ್ದು ಕಾಣೆಯಾದವರು: ಮಗಳು ದಾಕ್ಷಾಯಣಿ. ಓದಿದೆ. ಮತ್ತೆ ಓದಿದೆ. ನಮ್ಮ ಕಾಲದ ಬಿಸಿಲಿಗೆ ಹೆಣ ಇಡಲಾಗುವುದಿಲ್ಲ, ಆ ಸಂಜೆಯೇ ಮಣ್ಣು ಮಾಡಿದೆವು. ಮರುದಿನದಿಂದ ನಾನು ಮಗಳನ್ನು ಹುಡುಕುತ್ತ ಹೊರಟೆ. ಬಾಗಿಲು ಬಾಗಿಲಿಗೆ ನಿಂತು ಒಂದು ಹೆಸರು ಕೇಳುವುದು ಎಂಥದ್ದೆಂದು ಆಗ ಗೊತ್ತಾಯಿತು. ನಲವತ್ತು ದಿನದ ಮೇಲೆ ನವಲಗುಂದದಲ್ಲಿ ಸಿಕ್ಕಳು.

ಕರೆತಂದು ಮಣ್ಣು ತೋರಿಸಿದೆ, ಕಂಬ ತೋರಿಸಿದೆ, ರೊಟ್ಟಿ ಸುತ್ತುವ ಬಟ್ಟೆ ಕೈಗೆ ಕೊಟ್ಟೆ. ನನ್ನ ತಪ್ಪು ಎಂದು ಕಾಲು ಹಿಡಿಯಲು ಹೋದೆ. ದಾಕ್ಷಾಯಣಿ ಕಾಲು ಹಿಂದಕ್ಕೆ ತೆಗೆದಳು. ಬಟ್ಟೆ ಮಡಚುತ್ತ, "ನೀವು ಕೆಟ್ಟವರಲ್ಲರೀ. ಕೆಟ್ಟವರಾಗಿದ್ರ ಬಾಯಿ ತುಂಬ ಬೈದು ಹಗುರಾಗಿ ಹೋಗ್ತಿದ್ದೆ" ಎಂದಳು. ನೀರೂ ಕುಡಿಯದೆ ಹೋದಳು.

ನಿಯಮ ತಿದ್ದೋಣ ಎಂದು ಹೋದ ತಿಂಗಳು ಸಭೆಯ ಮುಂದೆ ಕೇಳಿಕೊಂಡೆ. ತೆಗೆದುಹಾಕಿ ಎನ್ನಲಿಲ್ಲ. ನಾವು ಮೊದಲು ನಮ್ಮ ಹೆಸರು ಹೇಳೋಣ, ಅವರು ಹೇಳಿದರೆ ಕೇಳಿಸಿಕೊಳ್ಳೋಣ, ಹೇಳದಿದ್ದರೆ ಬಿಡೋಣ. ಹೊರಗಿನಿಂದ ಯಾರಾದರೂ ಒಂದು ಹೆಸರು ಹಿಡಿದು ಬಂದರೆ, ಅವರನ್ನು ಹೊರಗೇ ನಿಲ್ಲಿಸಿ, ನಾವು ಒಳಗೆ ಹೋಗಿ ಆ ಹೆಸರನ್ನು ಗಟ್ಟಿಯಾಗಿ ಕೂಗೋಣ. ಏಳುವವರು ಏಳಲಿ, ಏಳದವರು ಸುಮ್ಮನಿರಲಿ. ಇಷ್ಟೇ ಕೇಳಿದ್ದು. ಎಲ್ಲರೂ ಕಣ್ಣೊರೆಸಿಕೊಂಡರು. ಆಮೇಲೆ ನಡಾವಳಿ ಪುಸ್ತಕ ತಂದು ಬಿಚ್ಚಿದರು. ನಿಮ್ಮ ಕೈಬರಹ, ನಿಮ್ಮ ಹನ್ನೊಂದು ಸಹಿ, ಕೆಳಗೆ ಎರಡು ಗೆರೆ. ಸಭೆಯ ಹಿರಿಯರಾದ ಸತ್ಯಕಾಮಪ್ಪನವರು ಪುಟದ ಮೇಲೆ ಕೈಯಾಡಿಸಿ, "ಹಿರ್ಯಾರು ಬರದದ್ದು ತಿದ್ದಾಕ ನಾವ್ಯಾರವ್ವಾ?" ಎಂದರು. ಅಲ್ಲಿಗೆ ಮುಗಿಯಿತು. ಹಳೆಯ ಕಟ್ಟಳೆಗಳನ್ನೆಲ್ಲ ಪ್ರಶ್ನೆ ಮಾಡಿದವರು ನೀವೆಂದೇ ನಮ್ಮವರಿಗೆ ನಿಮ್ಮ ಮೇಲೆ ಅಷ್ಟು ಭಕ್ತಿ. ನಿಮ್ಮನ್ನು ಮಾತ್ರ ಪ್ರಶ್ನೆ ಮಾಡುವುದಿಲ್ಲ. ನಗಬೇಕೋ ಅಳಬೇಕೋ ಹೇಳಿ. ನನಗೆ ಎರಡಕ್ಕೂ ಶಕ್ತಿಯಿಲ್ಲ.

ಹಾಗಾಗಿ ನಿಮ್ಮನ್ನೇ ಬೇಡಿಕೊಳ್ಳುತ್ತೇನೆ. ಭಾನುವಾರ ಆ ನಿಯಮ ಬರೆಯಿರಿ, ಬರೆಯಲೇಬೇಕು. ಆದರೆ ಕೆಳಗೆ ಆ ಎರಡು ಗೆರೆ ಎಳೆಯಬೇಡಿ. ಮೂರು ಸಾಲಿನಷ್ಟು ಜಾಗ ಖಾಲಿ ಬಿಟ್ಟು ಸಹಿ ಹಾಕಿ. ಅದು ನಮಗಾಗಿ ಬಿಟ್ಟ ಜಾಗ ಎಂದು ನಮ್ಮವರಿಗೆ ತಿಳಿಯುತ್ತದೆ.

ಇನ್ನೊಂದು. ಪೀಠದ ಎಡಗಡೆಯ ಮೂರನೇ ಕಂಬ ನಿಮ್ಮ ಕಾಲದಲ್ಲೂ ಇದೆ. ಸಭೆ ಮುಗಿಸಿ ಮನೆಗೆ ಹೊರಡುವಾಗ ಯಾರಾದರೊಬ್ಬರು ಬಾಗಿಲಲ್ಲಿ ನಿಂತು, ಆ ಕಂಬದ ಕಡೆ ತಿರುಗಿ, ನೀಲಗಂಗವ್ವಾ ಎಂದು ಒಮ್ಮೆ ಗಟ್ಟಿಯಾಗಿ ಕೂಗಿ. ಅವಳು ಇನ್ನೂ ಹುಟ್ಟಿರುವುದಿಲ್ಲ, ಓ ಎನ್ನುವುದಿಲ್ಲ. ಆದರೂ ಕೂಗಿ. ನನ್ನ ಅಕ್ಕನ ಹೆಸರನ್ನು ಆ ಮನೆಯೊಳಗೆ ಅವಳು ಬದುಕಿರುವಾಗ ಯಾರೂ ಕರೆಯಲಿಲ್ಲ.

ನೀವು ಕೇಳಲಿಲ್ಲ, ಆದರೂ ನಾನು ಹೇಳುತ್ತೇನೆ. ನನ್ನ ಹೆಸರು ಸುಕೃತಾ ಜೀವಮಿತ್ರ. ನಾಳೆಯಿಂದ ನಾನು ಬಾಗಿಲವ್ವ ಅಲ್ಲ.