ಒಂದೇ ತಾಯಿಯ ನಲವತ್ತೊಂದು ಮರಿಗಳು

ಮೂರನೇ ಮಹಡಿ, ಹಿಂಬದಿ ಮನೆ
ಸೋಮವಾರ, ಮಾರ್ಚ್ ೧೧

ಕೀಟ ವಿಭಾಗದ ನಿವೃತ್ತ ಮುಖ್ಯಸ್ಥರೂ, ಕಾಗದದ ಮೇಲೆ ಇನ್ನೂ ನನ್ನ ಯಜಮಾನರೂ ಆದ ತಮಗೆ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ನೀವು ಕಳಿಸಿರುವ ಇನ್ನೂರ ಎಂಬತ್ತು ಪುಟಗಳ ತುಂಬ ನೀವು ಹೇಗಿದ್ದೀರಿ ಎಂಬುದೇ ಇದೆ.

ನಿಮ್ಮ ಅಕ್ಕ ಶನಿವಾರ ಮಧ್ಯಾಹ್ನ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದು ಆ ಕಟ್ಟನ್ನು ನನ್ನ ಡ್ರಾಯಿಂಗ್ ಹಲಗೆಯ ಮೇಲೇ ಇಟ್ಟರು. ಮಸಿ ಇನ್ನೂ ಆರಿರಲಿಲ್ಲ; ಶಾಲೆಯ ಪಠ್ಯಪುಸ್ತಕಕ್ಕೆಂದು ಬರೆದಿದ್ದ ಕಪ್ಪೆಯ ಹೃದಯ ನಿಮ್ಮ ಪುಸ್ತಕದ ಬೆನ್ನಿಗೆ ಅಂಟಿಕೊಂಡಿತು. ಕಾಫಿ ಕುಡಿದು, ‘ಹಳೇದನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳೇ, ಅವನಿಗೂ ವಯಸ್ಸಾಯ್ತು’ ಎಂದರು. ನನ್ನ ವಯಸ್ಸೇನು ಹಿಂದಕ್ಕೆ ಓಡುತ್ತಿದೆಯೇ? ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಈ ಮೆಟ್ಟಿಲು ಹತ್ತದ ತಮ್ಮ, ಮಂಡಿ ನೋವಿನ ಅಕ್ಕನನ್ನು ಹತ್ತಿಸಿದನಲ್ಲ, ಆ ಧೈರ್ಯವನ್ನು ಮೆಚ್ಚಬೇಕು.

ಕಟ್ಟಿನ ಮೇಲಿನ ಚೀಟಿ ಓದಿದೆ. ಜೀವಿಗಳ ಅಧ್ಯಯನದ ಚರಿತ್ರೆ ಬರೆದಿದ್ದೀರಿ, ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಹನ್ನೊಂದನೇ ಅಧ್ಯಾಯಕ್ಕೆ ನನ್ನ ಹಳೆಯ ಚಿತ್ರಗಳು ಬೇಕು. ಸರಿ. ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ಹಸಿರು ರಟ್ಟಿನ ನೋಟ್‌ಬುಕ್ಕನ್ನೂ ಅಕ್ಕನ ಕೈಯಲ್ಲಿ ಕೊಟ್ಟು ಕಳಿಸಬೇಕಂತೆ. ಯಾರಾದರೂ ಕೇಳಿದರೆ, ಮನೆ ಬದಲಾಯಿಸುವಾಗ ಕಳೆದುಹೋಯಿತು ಎನ್ನಬೇಕಂತೆ. ಎಷ್ಟು ಹಗುರವಾಗಿ ಬರೆದಿದ್ದೀರಿ! ಬಿಟ್ಟುಹೋದ ಕೊಡೆಯನ್ನು ಕೇಳುವವರ ಹಾಗೆ.

ಎರಡು ದಿನ ಕೂತು ಇಡೀ ಪುಸ್ತಕ ಓದಿದೆ. ಕೊಳೆತ ಮಾಂಸದಿಂದ ನೊಣ ತಾನಾಗಿ ಹುಟ್ಟುತ್ತದೆ ಎಂದು ನಂಬಿದ್ದ ಹಿಂದಿನವರನ್ನು ಹನ್ನೆರಡು ಪುಟ ಗೇಲಿ ಮಾಡಿದ್ದೀರಿ. ಆಮೇಲೆ ಒಬ್ಬಾತ ಮಾಂಸದ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದ, ಒಳಗೆ ನೊಣ ಹುಟ್ಟಲಿಲ್ಲ, ಸತ್ಯ ಗೆದ್ದಿತು ಎಂದು ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದೀರಿ. ಕೂರಿಸಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಆ ಜಾಡಿಗಳನ್ನು ತೊಳೆದವರು ಯಾರು? ಆ ಬಟ್ಟೆ ಯಾರ ಪೆಟ್ಟಿಗೆಯದು? ವಾರಗಟ್ಟಲೆ ಆ ನಾತ ಕುಡಿದುಕೊಂಡು ಅದೇ ಮನೆಯಲ್ಲಿ ಅಡುಗೆ ಮಾಡಿದವರು ಯಾರು? ನಿಮ್ಮ ಚರಿತ್ರೆಯಲ್ಲಿ ಜಾಡಿಗಳು ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ. ನೊಣ ತಾನಾಗಿ ಹುಟ್ಟುವುದಿಲ್ಲ ಎಂದು ಒಪ್ಪಿಕೊಂಡವರು, ಜ್ಞಾನ ಮಾತ್ರ ಗಂಡಸರ ತಲೆಯಲ್ಲಿ ತಾನಾಗಿ ಹುಟ್ಟುತ್ತದೆ ಎಂದು ಇನ್ನೂ ನಂಬಿಕೊಂಡಿದ್ದೀರಿ. ಹತ್ತು ಅಧ್ಯಾಯದುದ್ದಕ್ಕೂ ಇದೇ ಹಾಡು.

ಹನ್ನೊಂದನೆಯದಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ. ‘ಎರಡು ಹೊಸ ಕಡ್ಡಿಹುಳುಗಳ ಶೋಧ.’ ಒಣಕಡ್ಡಿಯಂತೆ ಕೊಂಬೆಯಲ್ಲಿ ಅಲ್ಲಾಡದೆ ಕೂರುವ ಆ ಬಡಪಾಯಿಗಳನ್ನು ‘ಲೇಖಕರು ತಮ್ಮ ಮನೆಯಲ್ಲೇ ಆರು ವರ್ಷ ಸಾಕಿ’ ಎಂದಿದ್ದೀರಿ. ಆರು ವರ್ಷದಲ್ಲಿ ನೀವು ಆ ಬಚ್ಚಲುಮನೆಗೆ ಹೋದದ್ದು ಸ್ನಾನಕ್ಕೆ. ‘ಈ ದರಿದ್ರದವನ್ನ ನನ್ನ ಟವಲ್ ಮೇಲಿಂದ ತೆಗಿಯೇ’ ಎಂದು ಕೂಗಿದ್ದು ಬಿಟ್ಟರೆ ಅವುಗಳ ಜೊತೆ ನಿಮಗೆ ಬೇರೆ ಒಡನಾಟ ಇರಲಿಲ್ಲ. ಅಧ್ಯಾಯದ ಕೊನೆಯಲ್ಲಿ ‘ಮನೆಯವರ ಸಹಕಾರವನ್ನು ಸ್ಮರಿಸುತ್ತೇನೆ’ ಎಂದು ಒಂದು ಸಾಲು. ಥೂ! ಆರು ವರ್ಷಕ್ಕೆ ಒಂದು ಸಾಲು.

ಆ ಸಹಕಾರ ಏನೆಂದು ನಿಮಗೆ ಗೊತ್ತಿರಲಾರದು, ಹೇಳುತ್ತೇನೆ. ಹಳೆಯ ಸೊಳ್ಳೆಪರದೆ ಕತ್ತರಿಸಿ ಅವಕ್ಕೆ ಗೂಡು ಹೊಲಿದೆ. ದಿನಾ ಬೆಳಗ್ಗೆ ಪಾರ್ಕಿಗೆ ಹೋಗಿ ಗುಲಾಬಿ ಗಿಡದ ಎಲೆ ಕಿತ್ತು ತರುತ್ತಿದ್ದೆ. ಒಂದು ದಿನ ಮಾಲಿ ಹಿಡಿದುಕೊಂಡ. ‘ಹೂ ಕದಿಯೋರನ್ನ ನೋಡಿದೀನಿ, ಹೂ ಬಿಟ್ಟು ಎಲೆ ಕದಿಯೋ ಕಳ್ಳೀನ ಇವತ್ತೇ ನೋಡಿದ್ದು’ ಎಂದು ನಾಲ್ಕು ಜನರ ಮುಂದೆ ಮಾನ ಕಳೆದ. ಅವುಗಳ ಮೊಟ್ಟೆ ಥೇಟ್ ಬೀಜದ ಹಾಗೆ ಇರುತ್ತವೆ. ಕೂತಲ್ಲಿಂದಲೇ ಟಪ್ಪೆಂದು ಕೆಳಗೆ ಉದುರಿಸಿಬಿಡುತ್ತವೆ. ಹಾಸಿದ ಪೇಪರಿನ ಮೇಲಿನ ಹಿಕ್ಕೆಯಿಂದ ಅವನ್ನು ಒಂದೊಂದಾಗಿ ಆರಿಸಿ, ಮರಳಿನ ಮೇಲಿಟ್ಟು, ನೀರು ಚಿಮುಕಿಸಿ ಐದು ತಿಂಗಳು ಕಾಯುತ್ತಿದ್ದೆ. ಮರಿಯಾದ ಮೇಲೆ ಒಂದೊಂದರ ಬೆನ್ನಿಗೂ ಗುರುತಿಗೆ ಬಣ್ಣದ ಚುಕ್ಕೆ. ಪೊರೆ ಬಿಟ್ಟಾಗಲೆಲ್ಲ ಪೊರೆಯ ಜೊತೆ ಚುಕ್ಕೆಯೂ ಹೋಗುತ್ತಿತ್ತು, ಮತ್ತೆ ಇಡುತ್ತಿದ್ದೆ. ಎಲ್ಲವೂ ಆ ಹಸಿರು ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ.

ನಿಮ್ಮ ಹತ್ತಿರ ಇದ್ದವು ಮ್ಯೂಸಿಯಮ್ಮಿನ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿ ಒಣಗಿಸಿದ ಹೆಣಗಳು. ಉದ್ದ, ದಪ್ಪ, ರೆಕ್ಕೆ ಇಲ್ಲದವು ಒಂದು ಜಾತಿ. ಅದಕ್ಕೆ ನಿಮ್ಮ ಗುರುಗಳ ಹೆಸರಿಟ್ಟಿರಿ. ಗಿಡ್ಡ, ಸಣಕಲು, ರೆಕ್ಕೆ ಇರುವವು ಇನ್ನೊಂದು ಜಾತಿ. ಅದಕ್ಕೆ ನನ್ನ ಹೆಸರು. ಮೊದಲ ಜಾತಿಯಲ್ಲಿ ಇದ್ದವೆಲ್ಲ ಹೆಣ್ಣು. ಎರಡನೆಯದರಲ್ಲಿ ಇದ್ದವೆಲ್ಲ ಗಂಡು. ಸ್ವಾಮೀ, ಎರಡನೇ ಕ್ಲಾಸಿನ ಮಗುವಿಗಾದರೂ ಅನುಮಾನ ಬರುತ್ತಿತ್ತು. ಕೆಲವು ಕಡ್ಡಿಹುಳುಗಳಲ್ಲಿ ಹೆಣ್ಣು ಗಂಡಿನ ನೆರವಿಲ್ಲದೆ ಮರಿ ಮಾಡುವುದು ನಿಜ. ಅದನ್ನೇ ಹಿಡಿದುಕೊಂಡು, ಉದ್ದನೆಯ ಜಾತಿಗೆ ಗಂಡು ಬೇಕಾಗಿಯೇ ಇಲ್ಲ ಎಂದು ಬರೆದಿರಿ. ಗಿಡ್ಡ ಜಾತಿಯ ಹೆಣ್ಣು ಇನ್ನೂ ಪತ್ತೆಯಾಗಬೇಕಿದೆ ಎಂದೂ ಬರೆದಿರಿ. ಅದು ಪಕ್ಕದ ಪೆಟ್ಟಿಗೆಯಲ್ಲೇ ಇತ್ತು! ಗಂಡು ಬೇಕಾಗಿಯೇ ಇಲ್ಲ ಎಂಬ ವಿಚಾರ ನಿಮಗೆ ಅಷ್ಟು ಬೇಗ ಹೊಳೆದದ್ದು ದೊಡ್ಡದು. ನನಗೆ ಹೊಳೆಯಲು ಇನ್ನೂ ಹದಿನೈದು ವರ್ಷ ಹಿಡಿಯಿತು.

ಆ ವರ್ಷ ಬೇಲಿಯಿಂದ ಹಿಡಿದು ತಂದ ಒಂದೇ ಒಂದು ಉದ್ದನೆಯ ಹೆಣ್ಣನ್ನು ಬೇರೆ ಗೂಡಿನಲ್ಲಿ ಇಟ್ಟಿದ್ದೆ. ಅದರ ಮೊಟ್ಟೆಗಳಿಂದ ನಲವತ್ತೊಂದು ಮರಿ ಬಂದವು. ಕೊನೆಯ ಪೊರೆ ಕಳಚಿದಾಗ ಹತ್ತೊಂಬತ್ತು ಮರಿಗಳು ಗಿಡ್ಡಗೇ ಉಳಿದು ರೆಕ್ಕೆ ಬಿಚ್ಚಿದವು. ಉಳಿದ ಇಪ್ಪತ್ತೆರಡು ತಾಯಿಯ ಹಾಗೆ ಉದ್ದಕ್ಕೆ ಬೆಳೆದವು. ಒಂದೇ ಹೊಟ್ಟೆಯಿಂದ ನಿಮ್ಮ ಎರಡು ಜಾತಿ! ಆಮೇಲೆ ಅವು ಜೋಡಿಯಾದದ್ದನ್ನೂ ಕಣ್ಣಾರೆ ನೋಡಿದೆ. ಜಾಡಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ನಿಂತೇ ಮ್ಯೂಸಿಯಮ್ಮಿಗೆ ಓಡಿ ಬಂದೆ, ನೆನಪಿದೆಯೇ? ನೀವು ಎದ್ದು ಬಾಗಿಲು ಹಾಕಿದಿರಿ. ‘ಪ್ರಬಂಧ ಅಚ್ಚಾಗ್ತಾ ಇದೆ, ಗುರುಗಳು ಊರೆಲ್ಲ ಹೇಳ್ಕೊಂಡು ಓಡಾಡ್ತಿದ್ದಾರೆ, ಈಗ ಬಾಯಿ ಬಿಟ್ರೆ ನನ್ನ ಕಥೆ ಮುಗೀತು’ ಎಂದಿರಿ. ಆಮೇಲೆ ದನಿ ಇಳಿಸಿ, ‘ನಿನ್ನ ಹೆಸರೂ ಇದೆಯಲ್ಲೇ ಅದರಲ್ಲಿ, ತೆಗೆದುಬಿಡ್ಲಾ?’ ಎಂದಿರಿ.

ನಾನು ಬಾಯಿ ಮುಚ್ಚಿಕೊಂಡೆ. ನಿಮ್ಮ ಮೇಲಿನ ಈ ತಾತ್ಸಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು. ನಿಮ್ಮ ಕೆಲಸ ಉಳಿಯಲಿ ಎಂದು ಸುಮ್ಮನಾದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆಸರಿನ ಆಸೆಗೆ ಸುಮ್ಮನಾದೆ. ಲ್ಯಾಟಿನ್ ಬಾಲ ಸೇರಿಕೊಂಡ ನನ್ನ ಹೆಸರು ಅಚ್ಚಾಗಿ ಬಂದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಹತ್ತು ಸಲ ಓದಿಕೊಂಡೆ. ಖುಷಿಯಾಗಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ತುಂಬ ಖುಷಿಯಾಗಿತ್ತು. ಇಪ್ಪತ್ತನಾಲ್ಕು ವರ್ಷ ಒಂದು ಸುಳ್ಳಿಗೆ ನನ್ನ ಹೆಸರು ಬಾಡಿಗೆಗೆ ಕೊಟ್ಟು ಕೂತಿದ್ದೆ.

ಜನವರಿಯಲ್ಲಿ ಆ ಹುಡುಗಿ ಬಂದಳು. ಈಗ ನಿಮ್ಮ ಹಳೆಯ ಮೇಜಿನಲ್ಲಿ ಕೂರುವ ಹಂಗಾಮಿ ಸಂಶೋಧಕಿ. ನಿಮ್ಮ ಒಣಹುಳುಗಳನ್ನು ಮತ್ತೆ ನೋಡಿ, ಇವೆರಡೂ ಒಂದೇ ಜಾತಿ ಎಂದು ಅವಳೇ ಕಂಡುಕೊಂಡು ಪ್ರಬಂಧ ಬರೆದಿದ್ದಾಳೆ. ಅದು ಅಚ್ಚಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಮಾರ್ಚ್ ಕೊನೆಗೆ ಮನೆಗೆ. ಪತ್ರಿಕೆಯವರು ಪ್ರಬಂಧವನ್ನು ಒಬ್ಬ ಹಿರಿಯರ ಅಭಿಪ್ರಾಯಕ್ಕೆ ಕಳಿಸಿದ್ದರಂತೆ. ಅವರು ಬೇಡವೆಂದು ತಳ್ಳಿಹಾಕಿದರಂತೆ. ಹಿರಿಯರ ಹೆಸರು ಗುಟ್ಟು. ಆ ಅಭಿಪ್ರಾಯವನ್ನು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟಳು. ‘ಯುವ ಸಂಶೋಧಕಿಯ ಉತ್ಸಾಹ ಮೆಚ್ಚತಕ್ಕದ್ದೇ, ಆದರೆ’ ಎಂದು ಶುರುವಾಗಿತ್ತು. ಇಪ್ಪತ್ತೆರಡು ವರ್ಷ ಆ ‘ಆದರೆ’ಯ ಜೊತೆ ಸಂಸಾರ ಮಾಡಿದವಳಿಗೆ ಗುಟ್ಟೇನು ಬಂತು? ಹುಳುಗಳನ್ನು ಮೊಟ್ಟೆಯಿಂದ ಸಾಕಿದ ದಾಖಲೆ ಇಲ್ಲದಿದ್ದರೆ ಇದೆಲ್ಲ ಬರೀ ಊಹೆ ಎಂದು ತೀರ್ಪು ಕೊಟ್ಟಿದ್ದಿರಿ.

ದಾಖಲೆ ಇದೆ ಎಂದು ಚೆನ್ನಾಗಿ ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ಅದರಲ್ಲೊಬ್ಬರು ದಾಖಲೆ ಎಲ್ಲಿ ಎಂದು ಕೇಳುತ್ತಾರೆ! ನಿಮಗೆ ಗೊತ್ತಿಲ್ಲದೆ ತಪ್ಪಾದದ್ದಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಹುಳುಗಳ ವಿಷಯದಲ್ಲಿ ಎಂಥೆಂಥವರೋ ಎಡವಿದ್ದಾರೆ, ನಿಮ್ಮ ಪುಸ್ತಕವೇ ಹೇಳುತ್ತದೆ. ಗೊತ್ತಿದ್ದೂ ಒಂದು ಎಳೆ ಜೀವದ ಕುತ್ತಿಗೆಯ ಮೇಲೆ ಕಾಲಿಟ್ಟಿರಲ್ಲ, ಅಂದಿನಿಂದ ನಿಮ್ಮನ್ನು ನೆನೆದರೆ ಅಸಹ್ಯವಾಗುತ್ತದೆ.

ಆ ಹುಡುಗಿ ಏನೂ ಬೇಡಲಿಲ್ಲ. ‘ಅಮ್ಮಾ, ಆ ಹಳೇ ಪ್ರಬಂಧಕ್ಕೆ ನೀವು ಬರೆದ ಚಿತ್ರದಲ್ಲಿ ಗಿಡ್ಡ ಹುಳುವಿನ ಬೆನ್ನ ಮೇಲೆ ಬಣ್ಣದ ಚುಕ್ಕೆ ಇದೆ. ಪೆಟ್ಟಿಗೇಲಿರೋ ಒಂದರ ಮೇಲೂ ಇಲ್ಲ. ಸಾಕಿದ್ದನ್ನ ನೋಡಿ ಬರೆದ್ರಾ?’ ಎಂದಷ್ಟೇ ಕೇಳಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಚಿತ್ರವನ್ನು ನಿಜವಾಗಿ ನೋಡಿದವಳು ಅವಳೊಬ್ಬಳೇ. ಅಟ್ಟದ ಪೆಟ್ಟಿಗೆ ಇಳಿಸಿ ನೋಟ್‌ಬುಕ್ಕನ್ನು ಅವಳ ಕೈಗಿಟ್ಟೆ. ಓದುತ್ತ ಓದುತ್ತ ಅವಳು ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಆ ದಾಖಲೆ ಸೇರಿಸಿಕೊಂಡು ಪ್ರಬಂಧ ಮತ್ತೆ ಪತ್ರಿಕೆಗೆ ಹೋಯಿತು.

ಪತ್ರಿಕೆಯವರು ಸಾಕಿದ ದಾಖಲೆ ಸಿಕ್ಕಿದೆ ಎಂದು ನಿಮಗೆ ತಿಳಿಸಿರಬೇಕು. ಅದಕ್ಕೇ ಇದ್ದಕ್ಕಿದ್ದಂತೆ ನನ್ನ ಚಿತ್ರಗಳ ಮೇಲೆ ನಿಮಗೆ ಮಮತೆ ಉಕ್ಕಿದ್ದು, ಅಕ್ಕನ ಮಂಡಿಗೆ ಕಷ್ಟ ಬಂದದ್ದು. ತಡವಾಯಿತು. ಈ ಬೆಳಗ್ಗೆ ಪ್ರಬಂಧ ಒಪ್ಪಿಗೆಯಾಗಿ ಬಂದಿದೆ. ಹುಡುಗಿಯ ಕೆಲಸ ಇನ್ನು ಮೂರು ವರ್ಷ ಭದ್ರ.

ಚೀಟಿಯ ತುದಿಯಲ್ಲಿ ಇನ್ನೊಂದು ಮಾತು ಬರೆದಿದ್ದೀರಿ: ಏನೇ ಆದರೂ ಗುರುಗಳ ಹೆಸರು ಅಳಿಯಬಾರದು. ಈಗ ಎರಡು ಜಾತಿ ಒಂದಾದ ಮೇಲೆ ಎರಡು ಹೆಸರಿಗೆ ಜಾಗವಿಲ್ಲ, ಒಂದು ಹೋಗಲೇಬೇಕು. ಎರಡನ್ನೂ ನೀವು ಒಂದೇ ಪ್ರಬಂಧದಲ್ಲಿ ಇಟ್ಟಿದ್ದರಿಂದ ಯಾವುದು ಉಳಿಯಬೇಕೆಂದು ಆರಿಸುವ ಹಕ್ಕು ತಪ್ಪನ್ನು ಮೊದಲು ಅಚ್ಚಿನಲ್ಲಿ ತೋರಿಸಿದವರದು. ಈ ನಿಯಮ ನನಗೆ ಗೊತ್ತಿರಲಿಲ್ಲ, ಹುಡುಗಿ ಹೇಳಿದಳು. ನಿಮಗೆ ಬಾಯಿಪಾಠ ಇರಬೇಕು, ಹಾಗಾಗಿಯೇ ಗೋಗರೆದಿದ್ದೀರಿ. ಗುರುಗಳ ಹೆಸರು ಹೋದರೆ ಅವರ ಶಿಷ್ಯರ ಬಳಗದಲ್ಲಿ ನಿಮಗೆ ಮುಖವಿಲ್ಲ ಎಂಬುದೂ ನನಗೆ ಗೊತ್ತು. ಒಂದು ಕ್ಷಣ ಹಲ್ಲು ಕಡಿದು, ಅದೇ ಹೋಗಲಿ ಅಂದುಕೊಂಡದ್ದು ನಿಜ.

ನಿಮ್ಮ ಪುಸ್ತಕವನ್ನು ಇದರ ಜೊತೆಗೇ ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ನಿಮ್ಮ ಅಕ್ಕ ಇನ್ನೊಮ್ಮೆ ಮೆಟ್ಟಿಲು ಹತ್ತುವುದು ಬೇಡ. ಚಿತ್ರಗಳನ್ನು ಕೊಡುವುದಿಲ್ಲ. ಹನ್ನೊಂದನೇ ಅಧ್ಯಾಯವನ್ನು ತಿದ್ದುತ್ತೀರೋ, ಹರಿದು ಹಾಕುತ್ತೀರೋ, ಹಾಗೇ ಅಚ್ಚು ಹಾಕಿಸಿ ಊರವರಿಂದ ನಗಿಸಿಕೊಳ್ಳುತ್ತೀರೋ, ನಿಮಗೆ ಬಿಟ್ಟದ್ದು.

ಇಂತಿ,
ಆ ಹುಳುಗಳನ್ನು ಸಾಕಿದವಳು

ಮರೆತ ಮಾತು: ಗುರುಗಳ ಹೆಸರು ಉಳಿದಿದೆ, ಇನ್ನು ನಿಶ್ಚಿಂತೆಯಿಂದ ಊಟ ಮಾಡಿ. ನನ್ನ ಹೆಸರನ್ನೇ ಉಳಿಸಬೇಕೆಂದು ಹುಡುಗಿ ಹಟ ಹಿಡಿದು ಕೂತಿದ್ದಳು, ನಾನೇ ಬೇಡವೆಂದೆ. ಆ ಹುಳುವಿನ ಹೆಸರು ಎಲ್ಲೇ ಅಚ್ಚಾದರೂ ಅದರ ಹಿಂದೆಯೇ ಹೆಸರಿಟ್ಟವರ ಹೆಸರೂ ಬರುತ್ತದಂತೆ, ಪ್ರಪಂಚ ಇರುವವರೆಗೂ. ನಿಮ್ಮ ಪಕ್ಕ ಅಷ್ಟು ದಿನ ನಿಲ್ಲುವುದು ನನ್ನಿಂದಾಗದು, ಗುರುಗಳು ನಿಲ್ಲಲಿ. ಪ್ರಬಂಧದ ಕರಡಿನಲ್ಲಿ ಹುಳುವಿಗಿಟ್ಟ ನನ್ನ ಹೆಸರನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಪ್ರಬಂಧಕ್ಕೆ ಲೇಖಕಿಯರು ಇಬ್ಬರು. ಮೊದಲನೆಯವಳು ನಾನು, ಮದುವೆಗೆ ಮುಂಚಿನ ಹೆಸರಿನಲ್ಲಿ.